ಸ್ಕೀ ರೇಸಿನ ಶುಲ್ಕ, ಕ್ಲಬ್ಬಿನ ಶಿಲ್ಕು

ಎಲ್ಲರಿಗೂ ನಮಸ್ಕಾರ. ಮೈಸೂರಿನಿಂದ ಅಮೆರಿಕದ ಮಿನೆಸೋಟಾ ರಾಜ್ಯದ ಈಗನ್‌ಗೆ ಬಂದು ಇನ್ನೂ ವರ್ಷ ತುಂಬದ ತಂಗಿಯೊಬ್ಬರು ಮೊನ್ನೆ ಇಲ್ಲಿ ಕೇಳಿದ್ದರು: ಒಂಬತ್ತು ವರ್ಷದ ಮಗ ಸ್ಕೀ ರೇಸ್ ತಂಡಕ್ಕೆ ಸೇರುತ್ತೇನೆಂದು ಹಟ ಹಿಡಿದಿದ್ದಾನೆ, ಕಾಗದದಲ್ಲಿ ಬರೆದಷ್ಟೇ ಖರ್ಚೇ ಅಥವಾ ಇನ್ನೂ ಇದೆಯೇ ಎಂದು. ಬಂದ ಉತ್ತರಗಳಲ್ಲಿ ಹೆಚ್ಚಿನವು "ಅದು ಶ್ರೀಮಂತರ ಆಟ, ಆ ಗೊಡವೆಯೇ ಬೇಡ" ಎಂದವು. ನನ್ನ ಮಗಳು ಮಿನೆಸೋಟಾದ ಗುಡ್ಡಗಳಲ್ಲಿ ಆರು ಚಳಿಗಾಲ ರೇಸ್ ಮಾಡಿದ್ದಾಳೆ. ನಾನು ಹೇಳುವುದು ಬೇರೆ. ಸೇರಿಸಿ, ಆದರೆ ಲೆಕ್ಕ ಕೇಳಿ ಸೇರಿಸಿ. ಇದನ್ನು ಕಲಿಯಲು ನನಗೆ ನಾಲ್ಕು ವರ್ಷ ಹಿಡಿಯಿತು, ನಿಮಗೆ ಅಷ್ಟು ಹಿಡಿಯಬಾರದೆಂದು ಉದ್ದವಾಗಿ ಬರೆಯುತ್ತಿದ್ದೇನೆ.

ಮೊದಲು ಕಳೆದ ಚಳಿಗಾಲದ ನಮ್ಮ ಮನೆಯ ಲೆಕ್ಕ. ಮಗಳು ಯು14 ವಿಭಾಗದಲ್ಲಿದ್ದಳು, ಅಂದರೆ ಹದಿನಾಲ್ಕರೊಳಗಿನವರು. ಕ್ಲಬ್ಬಿನ ಶುಲ್ಕ 2,600 ಡಾಲರ್. ಕಾಗದದಲ್ಲಿ ಇದ್ದದ್ದು ಇದೊಂದೇ ಸಂಖ್ಯೆ. ಹನ್ನೊಂದು ರೇಸುಗಳ ಪ್ರವೇಶ ಶುಲ್ಕ ತಲಾ 75ರಂತೆ 825. ಉತ್ತರದ ಜೈಂಟ್ಸ್ ರಿಡ್ಜ್, ಲುಟ್ಸೆನ್ ಕಡೆ ಹೋದಾಗಿನ ಹೋಟೆಲು, ಪೆಟ್ರೋಲು, ಊಟಕ್ಕೆ 1,300. ಬೆಳೆಯುವ ಕಾಲಿಗೆ ಹೊಸ ಬೂಟು, ಚಿಕ್ಕ ತಿರುವುಗಳ ಸ್ಲಾಲಮ್ ರೇಸಿಗೊಂದು, ದೊಡ್ಡ ತಿರುವುಗಳ ಜೈಂಟ್ ಸ್ಲಾಲಮ್‌ಗೊಂದು ಎಂದು ಬಳಸಿದ ಸ್ಕೀ ಎರಡು ಜೊತೆ, ಇವಕ್ಕೆ 1,100. ಸ್ಕೀಗಳ ಅಂಚು ಹರಿತ ಮಾಡಿಸಲು, ಚೆನ್ನಾಗಿ ಜಾರಲೆಂದು ತಳಕ್ಕೆ ವ್ಯಾಕ್ಸ್ ಹಚ್ಚಿಸಲು 315. ಒಟ್ಟು 6,140 ಡಾಲರ್. ಐದು ವರ್ಷದ ಹಿಂದೆ ಇದೇ ಗುಡ್ಡಗಳಲ್ಲಿ ಒಂದು ರೇಸಿನ ಪ್ರವೇಶಕ್ಕೆ ನಾವು ಕಟ್ಟಿದ್ದು 40 ಡಾಲರ್.

ಈ 75 ಡಾಲರ್ ಎಲ್ಲಿಗೆ ಹೋಗುತ್ತದೆ? ಒಂದು ಪಾಲು ಯೂಟಾದ ಪಾರ್ಕ್ ಸಿಟಿಯಲ್ಲಿರುವ ರಾಷ್ಟ್ರೀಯ ಒಕ್ಕೂಟ ಯು.ಎಸ್. ಸ್ಕೀ ಅಂಡ್ ಸ್ನೋಬೋರ್ಡ್‌ಗೆ. ಸ್ಪರ್ಧಿಯೊಬ್ಬರಿಗೆ ಇಷ್ಟು ಎಂದು ಲೆಕ್ಕ ಹಾಕುವ ಇದಕ್ಕೆ ಹೆಡ್ ಟ್ಯಾಕ್ಸ್ ಎಂದೇ ಹೆಸರು. ನಮ್ಮ ಹಿರಿಯರಿಗೆ ಹೇಳಿದರೆ ತಲೆಗಂದಾಯ ಎಂದು ಥಟ್ಟನೆ ಅರ್ಥ ಮಾಡಿಕೊಳ್ಳುತ್ತಾರೆ. ಅಮೆರಿಕದಲ್ಲಿ ಒಲಿಂಪಿಕ್ ತಂಡಗಳಿಗೆ ಕೇಂದ್ರ ಸರ್ಕಾರದ ನೇರ ಅನುದಾನ ಇಲ್ಲ. ಹಾಗಾಗಿ ಒಕ್ಕೂಟ ನಡೆಯುವುದು ದಾನಿಗಳು, ಪ್ರಾಯೋಜಕರು, ಸದಸ್ಯರು ಕೊಡುವ ಹಣದಿಂದ. ಉಳಿದದ್ದು ರೇಸ್ ನಡೆಸುವವರಿಗೆ: ಸಮಯ ಅಳೆಯುವ ಯಂತ್ರಗಳು, ಜಾರಿಬಿದ್ದ ಮಗುವನ್ನು ತಡೆಯುವ ಬಲೆಗಳು, ಮಕ್ಕಳು ಹಾದು ಇಳಿಯಬೇಕಾದ ದಾರಿ ತೋರಿಸುವ ಗೇಟಿನ ಕಂಬಗಳು, ನಿಯಮ ಪಾಲನೆ ನೋಡಿಕೊಳ್ಳುವ ಅಧಿಕಾರಿಯ ಪ್ರಯಾಣ, ಗುಡ್ಡದ ಬಾಡಿಗೆ, ಪದಕ. ವಿಮೆ ದುಬಾರಿಯಾಗಿದೆ. ಹಿಮ ಬೀಳದಿದ್ದರೆ ಯಂತ್ರದಿಂದ ಹಿಮ ಮಾಡಬೇಕು, ಅದಕ್ಕೆ ನೀರು, ವಿದ್ಯುತ್, ರಾತ್ರಿಯಿಡೀ ನಿಲ್ಲುವ ಆಳು ಬೇಕು. ಈ ಖರ್ಚುಗಳೆಲ್ಲ ನಿಜವಾದವು. ನನ್ನ ತಕರಾರು ಖರ್ಚಿನ ಮೇಲಲ್ಲ.

ಕೂಲಿಯಿಲ್ಲದೆ ನಡೆಯುವ ಕೆಲಸವೂ ಇದರಲ್ಲಿ ಬಹಳ ಇದೆ. ಪ್ರತಿ ಕುಟುಂಬವೂ ಇಷ್ಟು ದಿನ ಗುಡ್ಡದ ಮೇಲೆ ಕೆಲಸ ಮಾಡಬೇಕೆಂಬುದು ನಮ್ಮ ಕ್ಲಬ್ಬಿನ ನಿಯಮ, ಮಾಡದಿದ್ದರೆ ಕಟ್ಟಿದ ಠೇವಣಿ ಹೋಗುತ್ತದೆ. ನನ್ನ ಪಾಲಿಗೆ ಸಾಮಾನ್ಯವಾಗಿ ಗೇಟ್ ಕೀಪರ್ ಕೆಲಸ ಬರುತ್ತದೆ. ಇಳಿಜಾರಿನಲ್ಲಿ ನಾಲ್ಕೈದು ಗೇಟುಗಳ ಪಕ್ಕ ನಿಂತು, ಯಾವ ಮಗುವಿನ ಎರಡು ಸ್ಕೀಗಳ ತುದಿಯೂ ಸರಿಯಾಗಿ ದಾಟಿತು, ಯಾವುದು ತಪ್ಪಿತು ಎಂದು ನೋಡುವುದು. ಕೈಗೆ ಒಂದು ಕಾರ್ಡು, ದಾರ ಕಟ್ಟಿದ ಪೆನ್ಸಿಲು ಕೊಡುತ್ತಾರೆ. ಜನವರಿಯ ಆ ಚಳಿಯಲ್ಲಿ ಪೆನ್ನಿನ ಶಾಯಿ ಹೆಪ್ಪುಗಟ್ಟುವುದರಿಂದ ಪೆನ್ಸಿಲೇ ಆಗಬೇಕು. ತಪ್ಪಿದ ಮಗುವಿನ ಎದೆಯ ಸಂಖ್ಯೆ ಬರೆದು, ಸ್ಕೀ ಹೋದ ದಾರಿಯನ್ನು ಕಾರ್ಡಿನ ಮೇಲೆ ಗೆರೆ ಎಳೆದು ತೋರಿಸಬೇಕು. ಪೋಷಕರು ಒಪ್ಪದಿದ್ದರೆ ಆ ಕಾರ್ಡೇ ಸಾಕ್ಷಿ. ಒಂದು ಮಗುವಿನ ಒಂದು ತಿರುವಿಗೆ ಇಷ್ಟು ಲಿಖಿತ ದಾಖಲೆ ಕೇಳುವ ಕ್ರೀಡೆಯಲ್ಲಿ, ನೂರಾರು ಕುಟುಂಬಗಳ ಹಣಕ್ಕೆ ದಾಖಲೆ ಕೇಳಿದರೆ ಮುಖ ಯಾಕೆ ಗಂಟಿಕ್ಕಬೇಕು?

ನನ್ನ ಕಣ್ಣು ತೆರೆಸಿದ್ದು 2023-24ರ ಚಳಿಗಾಲ. ಇಲ್ಲಿದ್ದವರಿಗೆ ನೆನಪಿರುತ್ತದೆ, ಮಿನೆಸೋಟಾದ ದಾಖಲೆಯಲ್ಲೇ ಅತ್ಯಂತ ಬೆಚ್ಚಗಿನ ಚಳಿಗಾಲವದು. ಪಕ್ಕದ ವಿಸ್ಕಾನ್ಸಿನ್‌ನ ಪ್ರಸಿದ್ಧ ಬರ್ಕಿಬೈನರ್ ಸ್ಕೀ ಓಟವನ್ನೇ ಯಂತ್ರದ ಹಿಮ ಹರಡಿದ 10 ಕಿಲೋಮೀಟರಿನ ಸುತ್ತಿಗೆ ಇಳಿಸಿದ್ದರು. ನಮ್ಮ ಮಕ್ಕಳ ಎರಡು ರೇಸು ರದ್ದಾದವು, ಒಂದನ್ನು ದೂರಕ್ಕೆ ಸಾಗಿಸಿದರು. ಪ್ರವೇಶ ಶುಲ್ಕ ವಾಪಸ್ ಬರಲಿಲ್ಲ. "ಖರ್ಚು ಆಗಿಹೋಗಿದೆ" ಎಂಬ ಒಂದು ಸಾಲಿನ ಇಮೇಲ್ ಬಂತು. ಏನು ಖರ್ಚು, ಎಷ್ಟು? ನಡೆಯದ ರೇಸಿಗೆ ಪದಕ ಕೊಂಡರೇ, ಅಧಿಕಾರಿ ಬಂದು ಹೋದರೇ? ನಾವು ನಾಲ್ಕು ಭಾರತೀಯ ಕುಟುಂಬಗಳು ಕಾರಿನ ಬಳಿ ನಿಂತು ಇದನ್ನೇ ಮಾತನಾಡಿದೆವು, ಒಬ್ಬರೂ ಒಳಗೆ ಹೋಗಿ ಕೇಳಲಿಲ್ಲ. ಜಿಪುಣರೆಂದುಕೊಂಡಾರು ಎಂಬ ಸಂಕೋಚ ಒಂದು, ಕೋಚ್ ಮಗುವಿನ ಮೇಲೆ ಮುನಿಸಿಕೊಂಡಾರು ಎಂಬ ಭಯ ಇನ್ನೊಂದು. ಆ ಭಯವನ್ನು ನಾನು ಬಲ್ಲೆ. ಅದಕ್ಕೆ ಆಧಾರವಿಲ್ಲವೆಂದು ಆಮೇಲೆ ಗೊತ್ತಾಯಿತು.

ಅದೇ ವಸಂತದಲ್ಲಿ ವಾರ್ಷಿಕ ಸಭೆ. ಖಜಾಂಚಿ ಅರ್ಧ ಹಾಳೆ ಹಂಚಿದರು. ಶುಲ್ಕ, ದೇಣಿಗೆ, ತರಬೇತುದಾರರ ಸಂಬಳ, ಗುಡ್ಡದ ಬಾಡಿಗೆ, ಇತರೆ. ಆ ಹಾಳೆಯಲ್ಲಿ ಏನೋ ಕಡಿಮೆ ಇದೆ ಎನ್ನಿಸುತ್ತಿತ್ತು, ಏನೆಂದು ತಿಳಿಯಲಿಲ್ಲ. ಮನೆಗೆ ಬಂದು ಒಗ್ಗರಣೆ ಹಾಕುವಾಗ ಹೊಳೆಯಿತು. ತೀರ್ಥಹಳ್ಳಿಯಲ್ಲಿ ನಮ್ಮ ಬೀದಿಯ ಗಣೇಶೋತ್ಸವ ಮುಗಿದ ವಾರದೊಳಗೆ ಜಮಾ ಖರ್ಚಿನ ಪಟ್ಟಿಯನ್ನು ಗೋಡೆಗೆ ಅಂಟಿಸುತ್ತಿದ್ದರು. ಬಾಳೆಕಂಬಕ್ಕೆ ಎಷ್ಟು, ಮೈಕಿನವನಿಗೆ ಎಷ್ಟು, ಎಲ್ಲವೂ ಇರುತ್ತಿತ್ತು. ಆದರೆ ಮೊಟ್ಟಮೊದಲ ಸಾಲು ಯಾವಾಗಲೂ ಒಂದೇ: "ಹಿಂದಿನ ವರ್ಷದ ಶಿಲ್ಕು". ನಮ್ಮ ಕ್ಲಬ್ಬಿನ ಹಾಳೆಯಲ್ಲಿ ಶಿಲ್ಕೇ ಇರಲಿಲ್ಲ. ಹೋದ ವರ್ಷ ಉಳಿದದ್ದು ಎಷ್ಟು ಎಂದು ತಿಳಿಯದೆ ಈ ವರ್ಷ ಶುಲ್ಕ ಏರಿಸಬೇಕೋ ಬೇಡವೋ ಎಂದು ಯಾರು ತಾನೇ ಹೇಳಬಲ್ಲರು?

ಇಲ್ಲಿನ ಕಾನೂನು ಪೋಷಕರ ಪರವಾಗಿದೆ, ನಮ್ಮವರಲ್ಲಿ ಬಹಳ ಜನರಿಗೆ ಇದು ಗೊತ್ತಿಲ್ಲ. ಹೆಚ್ಚಿನ ಸ್ಕೀ ಕ್ಲಬ್ಬುಗಳು 501(ಸಿ)(3) ಎಂಬ ತೆರಿಗೆ ವಿನಾಯಿತಿ ಪಡೆದ ಸಂಸ್ಥೆಗಳು. ಇವು ಪ್ರತಿ ವರ್ಷ ತೆರಿಗೆ ಇಲಾಖೆಗೆ ಫಾರ್ಮ್ 990 ಎಂಬ ವಾರ್ಷಿಕ ವರದಿ ಸಲ್ಲಿಸಬೇಕು, ಕೊನೆಯ ಮೂರು ವರ್ಷದ ಪ್ರತಿಗಳನ್ನು ಕೇಳಿದ ಯಾರಿಗಾದರೂ ತೋರಿಸಬೇಕು. ಬರೆದು ಕೇಳಿದರೆ ಮೂವತ್ತು ದಿನದೊಳಗೆ ಪ್ರತಿ ಕೊಡಬೇಕು. ಕಾರಣ ಹೇಳುವ ಅಗತ್ಯವಿಲ್ಲ. ಪ್ರೊಪಬ್ಲಿಕಾ ಎಂಬ ಸುದ್ದಿಸಂಸ್ಥೆಯ ನಾನ್‌ಪ್ರಾಫಿಟ್ ಎಕ್ಸ್‌ಪ್ಲೋರರ್ ಜಾಲತಾಣದಲ್ಲಿ ಕ್ಲಬ್ಬಿನ ಹೆಸರು ಹಾಕಿದರೆ ಮನೆಯಲ್ಲೇ ಕುಳಿತು ಓದಬಹುದು. ಪೂರ್ಣ ಫಾರ್ಮ್ ಆಗಿದ್ದರೆ ಏಳನೆಯ ಭಾಗದಲ್ಲಿ ಪದಾಧಿಕಾರಿಗಳ ಸಂಬಳ, ಒಂಬತ್ತರಲ್ಲಿ ಖರ್ಚಿನ ವಿವರ, ಹತ್ತರಲ್ಲಿ ಆಸ್ತಿ ಮತ್ತು ಸಾಲ. ಶಿಲ್ಕು ಸಿಗುವುದು ಅಲ್ಲಿ. ಒಂದು ಎಚ್ಚರ: ವರ್ಷದ ಒಟ್ಟು ಆದಾಯ ಸಾಮಾನ್ಯವಾಗಿ 50,000 ಡಾಲರ್ ದಾಟದ ಸಣ್ಣ ಕ್ಲಬ್ಬುಗಳು 990-ಎನ್ ಎಂಬ ಪುಟ್ಟ ಸೂಚನೆ ಕಳಿಸಿದರೆ ಸಾಕು, ಅದರಲ್ಲಿ ಲೆಕ್ಕವೇ ಇರುವುದಿಲ್ಲ. ಅಂಥಲ್ಲಿ ಬಾಯಿಬಿಟ್ಟೇ ಕೇಳಬೇಕು.

ಇನ್ನೊಂದು ವಿಷಯ, ನಮ್ಮವರು ಮುಗ್ಧವಾಗಿ ಸಿಕ್ಕಿಬೀಳುವಂಥದ್ದು. ಹಣ ಸಂಗ್ರಹಕ್ಕೆಂದು ತಿಂಡಿ ಮಾರಿದಾಗ, "ಯಾರು ಎಷ್ಟು ತಂದರೋ ಅಷ್ಟನ್ನು ಅವರ ಮಗುವಿನ ಶುಲ್ಕದಲ್ಲೇ ಕಳೆಯೋಣ" ಎಂಬ ಸಲಹೆ ಬರುತ್ತದೆ. ಕೇಳಲು ನ್ಯಾಯವೆನ್ನಿಸುತ್ತದೆ. ಆದರೆ ಇದೇ ಪದ್ಧತಿ ಇಟ್ಟುಕೊಂಡಿದ್ದ ಕ್ಯಾಪಿಟಲ್ ಜಿಮ್ನಾಸ್ಟಿಕ್ಸ್ ಬೂಸ್ಟರ್ ಕ್ಲಬ್ ಎಂಬ ಪೋಷಕರ ಸಂಘಕ್ಕೆ ತೆರಿಗೆ ವಿನಾಯಿತಿ ಸಲ್ಲದೆಂದು ಅಮೆರಿಕದ ತೆರಿಗೆ ನ್ಯಾಯಾಲಯ 2013ರಲ್ಲಿ ತೀರ್ಪು ಕೊಟ್ಟಿದೆ. ಸಂಗ್ರಹಿಸಿದ ಹಣ ಎಲ್ಲ ಮಕ್ಕಳಿಗೂ ಒದಗಬೇಕು. ಹತ್ತು ಜನ ಪರಿಚಯಸ್ಥರಿಲ್ಲದ ಮನೆಯ ಮಗುವಿಗೂ.

ಆ ಮಗು ಯಾರೆಂದು ನನಗೆ ಗೊತ್ತು. ಮಗಳ ಜೊತೆ ಮೂರು ವರ್ಷ ತರಬೇತಿ ಪಡೆದ ಹುಡುಗಿ, ಸ್ಲಾಲಮ್‌ನಲ್ಲಿ ಇವಳಿಗಿಂತ ಯಾವಾಗಲೂ ಒಂದು ಸೆಕೆಂಡ್ ಮುಂದೆ. ಯು14ಕ್ಕೆ ಬಂದ ವರ್ಷ ಮೊದಲ ದಿನ ಬರಲಿಲ್ಲ, ಎರಡನೆಯ ವಾರವೂ ಇಲ್ಲ. ಅವಳ ತಾಯಿ ಒಮ್ಮೆ ಅಂಗಡಿಯಲ್ಲಿ ಸಿಕ್ಕಾಗ "ಈ ವರ್ಷ ಚಿತ್ರಕಲೆ ಕಲಿಯುತ್ತಾಳಂತೆ" ಎಂದು ಬೇರೆ ಕಡೆ ನೋಡಿದರು. ಕ್ಲಬ್ಬಿನಲ್ಲಿ ಸಹಾಯಧನ ಇತ್ತು. ಎಷ್ಟಿದೆ, ಯಾರು ಅರ್ಜಿ ಹಾಕಬಹುದು ಎಂದು ಎಲ್ಲಿಯೂ ಬರೆದಿರಲಿಲ್ಲ. ಇದು ನನ್ನನ್ನು ಇವತ್ತಿಗೂ ಕಾಡುತ್ತದೆ.

ಅನಂತರ ನಾನು, ನಮ್ಮ ಮನೆಯವರು ಸೇರಿ ಒಂದು ಪತ್ರ ಬರೆದೆವು. ದೂರು ಇರಲಿಲ್ಲ, ಮೂರು ಪ್ರಶ್ನೆ ಇದ್ದವು. ಹಿಂದಿನ ಶಿಲ್ಕು ಎಷ್ಟು? ಒಂದು ರೇಸಿನ ಆದಾಯ ಖರ್ಚು ಏನು? ಸಹಾಯಧನದಲ್ಲಿ ಎಷ್ಟಿದೆ, ಹೇಗೆ ಕೊಡುತ್ತೀರಿ? ಹದಿನಾರು ಕುಟುಂಬಗಳು ಸಹಿ ಹಾಕಿದವು, ಹೆಚ್ಚಿನವರು ಇಲ್ಲೇ ಹುಟ್ಟಿ ಬೆಳೆದವರು. ಅವರಿಗೂ ಇದೇ ಸಂಕೋಚವಿತ್ತು! ಖಜಾಂಚಿ ಸಿಟ್ಟಾಗಲಿಲ್ಲ. ಹಗಲು ಕೆಲಸ ಮುಗಿಸಿ ರಾತ್ರಿ ಒಬ್ಬರೇ ಲೆಕ್ಕ ಬರೆಯುತ್ತಿದ್ದವರು ಅವರು, ಜೊತೆಗೆ ಇಬ್ಬರು ಬೇಕೆಂದರು. ನಾನು ಸೇರಿಕೊಂಡೆ. ಈಗ ರೇಸ್ ಮುಗಿದ ಎರಡು ವಾರದಲ್ಲಿ ಅದರ ಲೆಕ್ಕ ಎಲ್ಲರಿಗೂ ಹೋಗುತ್ತದೆ. ರದ್ದಾದರೆ ಯಾವ ದಿನಾಂಕದೊಳಗೆ ಎಷ್ಟು ವಾಪಸ್ ಎಂಬುದು ಅರ್ಜಿಯಲ್ಲೇ ಇದೆ. ಪ್ರವೇಶ ಶುಲ್ಕ ಇಳಿದಿಲ್ಲ. ಆದರೆ ಯಾಕೆ ಇಳಿದಿಲ್ಲವೆಂದು ಎಲ್ಲರಿಗೂ ತಿಳಿದಿದೆ.

ತಂಗಿ, ನಿಮ್ಮ ಮಗನ ವಯಸ್ಸಿಗೆ ಎರಡು ಜೊತೆ ಸ್ಕೀ ಬೇಡ, ಯಾರು ಹೇಳಿದರೂ ಕೊಳ್ಳಬೇಡಿ. ಶರತ್ಕಾಲದಲ್ಲಿ ಹಳೆಯ ಸಾಮಾನು ಮಾರುವ ಸ್ಕೀ ಸ್ವಾಪ್‌ನಲ್ಲಿ ಬಳಸಿದ ಒಂದು ಜೊತೆ ಸಾಕು. ದೊಡ್ಡ ಬೆಟ್ಟವೂ ಬೇಡ. ಒಲಿಂಪಿಕ್ ಚಿನ್ನ ಗೆದ್ದ ಲಿಂಡ್ಸಿ ವಾನ್ ರೇಸ್ ಕಲಿತದ್ದು ಬರ್ನ್ಸ್‌ವಿಲ್‌ನ ಬಕ್ ಹಿಲ್‌ನಲ್ಲಿ, ನೂರು ಮೀಟರ್ ಎತ್ತರವೂ ಇಲ್ಲದ, ಹೆದ್ದಾರಿಗೆ ತಾಗಿದ ಗುಡ್ಡದಲ್ಲಿ. ಖರ್ಚು ಭಾರವೆನ್ನಿಸಿದರೆ ಪ್ರೌಢಶಾಲೆಯ ತಂಡದವರೆಗೆ ಕಾಯಬಹುದು, ಮಿನೆಸೋಟಾದಲ್ಲಿ ಆಲ್ಪೈನ್ ಸ್ಕೀಯಿಂಗ್, ಅಂದರೆ ಗುಡ್ಡದಿಂದ ಇಳಿಯುವ ಈ ಸ್ಕೀ, ಶಾಲಾ ಕ್ರೀಡೆಯೇ ಆಗಿದೆ. ನೆಲದ ಮೇಲೆ ದೂರ ಸಾಗುವ ಕ್ರಾಸ್ ಕಂಟ್ರಿ ಸ್ಕೀಯೂ ಇದೆ, ಅದಕ್ಕೆ ಗುಡ್ಡ ಹತ್ತಿಸುವ ಲಿಫ್ಟಿನ ಟಿಕೆಟು ಬೇಡ. ನಮ್ಮ ಕೊಡಗಿನ ತೆಕ್ಕಡ ಭವಾನಿ 2025ರಲ್ಲಿ ಚಿಲಿಯಲ್ಲಿ ಭಾರತಕ್ಕೆ ಕಂಚು ತಂದದ್ದು ಆ ಸ್ಕೀಗಳ ಮೇಲೆಯೇ.

ನಮ್ಮ ಪತ್ರದ ಪ್ರತಿ ಬೇಕಾದವರು ಕೆಳಗೆ ತಿಳಿಸಿ, ಕನ್ನಡ ಶಾಲೆಗೆ ಬರುವಾಗ ತರುತ್ತೇನೆ. ಮಗಳ ಹಳೆಯ ಬೂಟುಗಳೂ ಅಟ್ಟದಲ್ಲಿವೆ, 21.5 ಮತ್ತು 22.5ರ ಅಳತೆ. ನಿಮ್ಮ ಮಗನನ್ನು ಗೋಡೆಗೆ ಹಿಮ್ಮಡಿ ತಾಗಿಸಿ ನಿಲ್ಲಿಸಿ, ಹೆಬ್ಬೆರಳಿನವರೆಗೆ ಎಷ್ಟು ಸೆಂಟಿಮೀಟರ್ ಇದೆಯೆಂದು ಅಳೆದು ಬರೆಯಿರಿ.