ಪದಚರ್ಚೆ: ‘ಜ್ಯಾಕ್ ಡಿಟೆಕ್ಷನ್’ ಎಂಬುದಕ್ಕೆ ಏನನ್ನಬೇಕು?

ಪ್ರಶ್ನೆ: ಡೆಸ್ಕ್‌ಟಾಪ್ ಕಂಪ್ಯೂಟರಿನ ಮುಂಬದಿ ಆಡಿಯೊ ಜ್ಯಾಕ್ ಸರಿಪಡಿಸುವ ಕೈಪಿಡಿಗೆ ಪದಗಳು ಬೇಕು. ರಿಯಲ್‌ಟೆಕ್ (ಕಂಪ್ಯೂಟರಿನ ಆಡಿಯೊ ನೋಡಿಕೊಳ್ಳುವ ಸಾಫ್ಟ್‌ವೇರ್) ಸೆಟ್ಟಿಂಗ್‌ನಲ್ಲಿ ಬರುವ ‘ಡಿಸೇಬಲ್ ಫ್ರಂಟ್ ಪ್ಯಾನಲ್ ಜ್ಯಾಕ್ ಡಿಟೆಕ್ಷನ್’ ಎಂಬುದನ್ನು ‘ಮುಂಬದಿ ಜ್ಯಾಕ್ ಪತ್ತೆ ನಿಷ್ಕ್ರಿಯಗೊಳಿಸಿ’ ಎಂದರೆ ಸಾಕೇ? ಜ್ಯಾಕ್, ಪಿನ್, ಪ್ಲಗ್ ಮೂರನ್ನೂ ಜನ ಒಂದರ ಬದಲು ಒಂದು ಬಳಸುತ್ತಾರೆ. ಯಾವುದನ್ನು ಎಲ್ಲಿ ಇಟ್ಟುಕೊಳ್ಳಬೇಕು?

ಉತ್ತರ: ‘ಜ್ಯಾಕ್ ಪತ್ತೆ ನಿಷ್ಕ್ರಿಯ’ ಬೇಡ. ಟಿಕ್ ಮಾಡಿದರೆ ಜ್ಯಾಕೇ ಬಂದ್ ಆದೀತೆಂದು ಓದುಗರು ಅದನ್ನು ಮುಟ್ಟುವುದೇ ಇಲ್ಲ. ನಡೆಯುವುದು ಇದರ ತದ್ವಿರುದ್ಧ. ಎಷ್ಟೋ ಸಲ ಆ ಟಿಕ್ ಬಿದ್ದ ಮೇಲೆಯೇ ಮುಂದಿನ ಜ್ಯಾಕಿನಲ್ಲಿ ಸದ್ದು ಬರುತ್ತದೆ.

ಕಾರಣ ಹಾರ್ಡ್‌ವೇರ್‌ನಲ್ಲಿದೆ. ಮುಂಬದಿ ಜ್ಯಾಕನ್ನು ಮದರ್‌ಬೋರ್ಡಿಗೆ ಜೋಡಿಸುವ ಎಚ್‌ಡಿ ಆಡಿಯೊ ಪದ್ಧತಿಯಲ್ಲಿ ಜ್ಯಾಕ್ ಒಳಗೊಂದು ಪುಟ್ಟ ಸ್ವಿಚ್ ಇರುತ್ತದೆ. ಮದರ್‌ಬೋರ್ಡಿನಲ್ಲಿ ಮುಂಬದಿ ಆಡಿಯೊಗೆಂದೇ ಇರುವ ಪಿನ್ನುಗಳ ಪೈಕಿ 7ನೆಯದರಿಂದ ಹೊರಟ ಸಂಕೇತ, ಮೈಕ್ ಸಿಕ್ಕಿಸಿದರೆ 6ನೇ ಪಿನ್ನಿಗೂ ಹೆಡ್‌ಫೋನ್ ಸಿಕ್ಕಿಸಿದರೆ 10ನೇ ಪಿನ್ನಿಗೂ ಮರಳುತ್ತದೆ. ಅಂದರೆ ಪತ್ತೆಯಾಗುವುದು ಪ್ಲಗ್, ಜ್ಯಾಕ್ ಅಲ್ಲ. ಕ್ಯಾಬಿನೆಟ್ಟಿನ ವೈರು ಹಳೆಯ ಎಸಿ’97 ಪದ್ಧತಿಯದಾದರೆ ಈ ಸಂಕೇತ ಮರಳುವ ದಾರಿಯೇ ಇರುವುದಿಲ್ಲ. ಹೆಡ್‌ಫೋನ್ ಹಾಕಿದ್ದರೂ ಸಾಫ್ಟ್‌ವೇರ್ ‘ಏನೂ ಹಾಕಿಲ್ಲ’ ಎಂದೇ ತಿಳಿಯುತ್ತದೆ. ಹಾಗಾಗಿ ‘ಮುಂಬದಿಯಲ್ಲಿ ಪ್ಲಗ್ ಇದೆಯೇ ಎಂದು ನೋಡುವುದನ್ನು ನಿಲ್ಲಿಸಿ’ ಎಂದು ಬರೆಯಿರಿ. ಉದ್ದವಾದರೂ ಅರ್ಥ ಕೆಡುವುದಿಲ್ಲ. ಕೆಲವು ಬೋರ್ಡುಗಳ ಬಯೋಸ್‌ನಲ್ಲೂ (ಬೋರ್ಡಿನದೇ ಸೆಟ್ಟಿಂಗ್ ಪುಟ) ಇದಕ್ಕೆ ಸಂಬಂಧಿಸಿದ ಆಯ್ಕೆ ‘ಫ್ರಂಟ್ ಪ್ಯಾನಲ್ ಟೈಪ್’ ಎಂದಿರುತ್ತದೆ: ಎಚ್‌ಡಿ ಅಥವಾ ಎಸಿ’97. ಕ್ಯಾಬಿನೆಟ್ಟಿನಿಂದ ಬರುವ ಕನೆಕ್ಟರಿನ ಮೇಲೆ ಯಾವುದು ಬರೆದಿದೆಯೋ ಅದನ್ನೇ ಆರಿಸಬೇಕು. ಎರಡೂ ಕನೆಕ್ಟರ್ ನೇತಾಡುತ್ತಿದ್ದರೆ ಎಚ್‌ಡಿ ಎಂದಿರುವುದನ್ನು ಹಾಕಿ, ಇನ್ನೊಂದನ್ನು ಹಾಗೇ ಬಿಡಿ.

ಪದಗಳ ಮಟ್ಟಿಗೆ: ತೂತು ಜ್ಯಾಕ್, ಅದಕ್ಕೆ ಸಿಕ್ಕಿಸುವ 3.5 ಮಿ.ಮೀ. ಕಡ್ಡಿ ಪ್ಲಗ್. ‘ಹೆಡ್‌ಫೋನ್ ಪಿನ್’ ಎಂಬ ಮಾತು ಬಾಯಲ್ಲಿ ಸಹಜವೇ, ಆದರೆ ಈ ಕೈಪಿಡಿಯಲ್ಲಿ ತೊಡಕು ತರುತ್ತದೆ. ಪಿನ್ ಎಂಬುದನ್ನು ಬೋರ್ಡಿನ ಮೇಲೆ ನಿಂತ ಸೂಜಿಗಳಿಗೇ ಮೀಸಲಿಡಿ. ಆ ಸೂಜಿಗಳ ಗುಂಪು ಹೆಡರ್. ಇದಕ್ಕೆ ಹೊಸ ಪದ ಕಟ್ಟಬೇಡಿ, ರಿಪೇರಿಯವರೆಲ್ಲ ಹೆಡರ್ ಎಂದೇ ಅನ್ನುವುದು. ಕ್ರಿಯಾಪದ ಮಾತ್ರ ಬೇರೆ ಮಾಡಿ: ಪ್ಲಗ್ ‘ಸಿಕ್ಕಿಸಿ’, ಕನೆಕ್ಟರ್ ‘ಕೂರಿಸಿ’. ಎರಡಕ್ಕೂ ‘ಜೋಡಿಸಿ’ ಎಂದರೆ ಯಾವುದು ಹೊರಗಿನ ಕೆಲಸ, ಯಾವುದು ಕ್ಯಾಬಿನೆಟ್ ಬಿಚ್ಚಿ ಮಾಡುವ ಕೆಲಸ ಎಂಬುದೇ ತಿಳಿಯದು.

ಹೆಡರಿನ ವರ್ಣನೆ ಹೀಗಿರಲಿ: ‘ಐದೈದರ ಎರಡು ಸಾಲು, 8ನೇ ಪಿನ್ ಇರುವುದಿಲ್ಲ.’ ಯುಎಸ್‌ಬಿ 2.0 ಹೆಡರೂ ಇದೇ ಗಾತ್ರದ್ದು, ಅದರಲ್ಲಿ ಇಲ್ಲದಿರುವುದು 9ನೆಯದು. ಆಡಿಯೊ ಕನೆಕ್ಟರಿನ 8ನೇ ತೂತು ಮುಚ್ಚಿರುವುದರಿಂದ ಅದು ಯುಎಸ್‌ಬಿ ಹೆಡರಿನ ಮೇಲೆ ಕೂರುವುದಿಲ್ಲ. ಒತ್ತಿದರೆ ಪಿನ್ ಬಾಗುತ್ತದೆ. ‘ಬಿಗಿಯಾದರೆ ಒತ್ತಬೇಡಿ, ಹೆಡರಿನ ಪಕ್ಕದ ಹೆಸರು ನೋಡಿ’ ಎಂಬ ಸಾಲನ್ನು ಖಂಡಿತ ಸೇರಿಸಿ. ಹೆಸರು ಕಂಪನಿಗೊಂದು: ಏಸಸ್‌ನಲ್ಲಿ ಎಎಎಫ್‌ಪಿ, ಗಿಗಾಬೈಟ್‌ನಲ್ಲಿ ಎಫ್-ಆಡಿಯೊ, ಎಂಎಸ್‌ಐನಲ್ಲಿ ಜೆಎಯುಡಿ1. ಸಾಮಾನ್ಯವಾಗಿ ಬೋರ್ಡಿನ ಕೆಳಅಂಚಿನಲ್ಲಿ, ಹಿಂಬದಿ ಜ್ಯಾಕುಗಳಿರುವ ಕಡೆಯ ಮೂಲೆಯಲ್ಲಿರುತ್ತದೆ. ಕೈ ಹಾಕುವ ಮೊದಲು ಪವರ್ ಕೇಬಲ್ ಕಿತ್ತಿರಬೇಕು.

‘ಮೈಕ್ ಕೆಲಸ ಮಾಡುತ್ತಿಲ್ಲ’ ಎಂಬ ಭಾಗದಲ್ಲಿ ಪ್ಲಗ್ಗಿನ ಮೇಲಿನ ಕಪ್ಪು ಗೆರೆ ಎಣಿಸಲು ಹೇಳಿ. ಎರಡಿದ್ದರೆ ಬರೀ ಹೆಡ್‌ಫೋನ್ ಅಥವಾ ಬರೀ ಮೈಕ್; ಮೂರಿದ್ದರೆ ಹೆಡ್‌ಫೋನ್, ಮೈಕ್ ಎರಡೂ ಅದರಲ್ಲೇ ಇವೆ. ಹಸಿರು, ಗುಲಾಬಿ ಎಂದು ಜ್ಯಾಕ್ ಬೇರೆಬೇರೆ ಇರುವ ಕ್ಯಾಬಿನೆಟ್ಟಿಗೆ ಮೂರು ಗೆರೆಯ ಪ್ಲಗ್ ನೇರವಾಗಿ ಹಾಕಿದರೆ ಮೈಕ್ ಬರುವುದಿಲ್ಲ, ನಡುವೆ ಎರಡು ಕವಲಿನ ಸ್ಪ್ಲಿಟರ್ ಬೇಕು.