ರೀಸ್ಟೋರ್ ಕಮಾಂಡ್ ವಿಫಲವಾದರೂ ಡೇಟಾಬೇಸ್ ತೆರೆದುಕೊಳ್ಳುವುದೇಕೆ?

ಪ್ರಶ್ನೆ (ಬದಿಯಡ್ಕ, ಕಾಸರಗೋಡು ಜಿಲ್ಲೆ):
ನಮಸ್ಕಾರ ಸರ್. ಇಲ್ಲಿನ ಸಹಕಾರಿ ಸಂಘವೊಂದರ ಪೋಸ್ಟ್‌ಗ್ರೆಸ್ 15 ಡೇಟಾಬೇಸನ್ನು ನಾನು ನೋಡಿಕೊಳ್ಳುತ್ತೇನೆ. ವಾಲ್ ಫೈಲುಗಳ (ಡೇಟಾಬೇಸಿನ ಪ್ರತಿ ಬದಲಾವಣೆಯನ್ನೂ ಕ್ರಮವಾಗಿ ದಾಖಲಿಸುವ ಫೈಲುಗಳು) ಆರ್ಕೈವ್ ಮಂಗಳೂರಿನ ಯಂತ್ರದಲ್ಲಿದೆ. ಬ್ಯಾಕಪ್ ಪರೀಕ್ಷೆಗೆಂದು ಬೇರೊಂದು ಯಂತ್ರದಲ್ಲಿ ರಿಕವರಿ (ಬ್ಯಾಕಪ್ಪಿನ ಮೇಲೆ ವಾಲ್ ಫೈಲುಗಳನ್ನು ಮತ್ತೆ ನಡೆಸಿ ಡೇಟಾಬೇಸನ್ನು ಮರಳಿ ಪಡೆಯುವುದು) ನಡೆಸುತ್ತಿದ್ದಾಗ ಮಳೆಗೆ ನೆಟ್ ಹೋಯಿತು. ಆದರೂ ಡೇಟಾಬೇಸ್ ತಕರಾರಿಲ್ಲದೆ ತೆರೆದುಕೊಂಡಿತು. ಮಧ್ಯಾಹ್ನದ ನಂತರದ ಅಡಿಕೆ ಖರೀದಿಯ ರಸೀದಿಗಳು ಮಾತ್ರ ಅದರಲ್ಲಿ ಇರಲಿಲ್ಲ. ರೀಸ್ಟೋರ್ ಕಮಾಂಡಿನ (ಆರ್ಕೈವಿನಿಂದ ವಾಲ್ ಫೈಲ್ ತರಲು ಸರ್ವರ್ ಓಡಿಸುವ ಕಮಾಂಡ್) ಸ್ಕ್ರಿಪ್ಟು ಎಸ್‌ಎಸ್‌ಎಚ್ ಮೂಲಕ ಫೈಲ್ ತರುತ್ತದೆ, ತರಲಾಗದಿದ್ದರೆ ‘ಎಕ್ಸಿಟ್ 1’ ಎಂದು ಮುಗಿಯುತ್ತದೆ. ಹೀಗೇಕೆ ಆಯಿತು?

ಉತ್ತರ:
ನಮಸ್ಕಾರ. ನಿಮ್ಮ ಸ್ಕ್ರಿಪ್ಟಿನ ಕೊನೆಯ ಸಾಲಿನಲ್ಲಿಯೇ ಕಾರಣವಿದೆ. ಹೊರಗಿನ ಕಮಾಂಡ್ ಏಕೆ ಸೋತಿತೆಂಬುದು ಸರ್ವರಿಗೆ ಕಾಣುವುದಿಲ್ಲ. ಅದಕ್ಕೆ ತಲುಪುವುದು ಎಕ್ಸಿಟ್ ಕೋಡ್, ಅಂದರೆ ಕಮಾಂಡ್ ಮುಗಿಯುವಾಗ ಕೊಡುವ ಸಂಖ್ಯೆ, ಮಾತ್ರ. ಆರ್ಕೈವಿನಲ್ಲಿ ಇಲ್ಲದ ಫೈಲುಗಳನ್ನೂ ಸರ್ವರ್ ಕೇಳುತ್ತದೆ, ಮುಂದಿನ ವಾಲ್ ಫೈಲ್ ಇದೆಯೇ ಎಂದು ತಿಳಿಯಲು ಅದಕ್ಕೆ ಬೇರೆ ದಾರಿಯಿಲ್ಲ. ಆದ್ದರಿಂದ 1ರಿಂದ 125ರವರೆಗಿನ ಕೋಡ್ ಬಂದರೆ ‘ಆ ಫೈಲ್ ಇಲ್ಲ’ ಎಂದೇ ತಿಳಿದು, ಸರ್ವರಿನದೇ ಪಿಜಿ-ವಾಲ್ ಡೈರೆಕ್ಟರಿಯಲ್ಲೂ ಅದು ಸಿಗದಿದ್ದಾಗ ರಿಕವರಿಯನ್ನು ಮುಗಿಸಿ, ಹೊಸ ಟೈಮ್‌ಲೈನಿನಲ್ಲಿ ಡೇಟಾಬೇಸನ್ನು ತೆರೆಯುತ್ತದೆ. ಕೋಡ್ 125ನ್ನು ಮೀರಿದರೆ, ಅಂದರೆ ಕಮಾಂಡೇ ಸಿಗದೆ ಶೆಲ್ (ಕಮಾಂಡುಗಳನ್ನು ಓಡಿಸುವ ಪ್ರೋಗ್ರಾಂ) 127 ಕೊಟ್ಟರೆ ಅಥವಾ ಸಿಗ್ನಲ್‌ನಿಂದ ಅದು ಸತ್ತರೆ, ರಿಕವರಿಯನ್ನು ಅಲ್ಲಿಯೇ ನಿಲ್ಲಿಸುತ್ತದೆ. (ಸರ್ವರನ್ನು ನಿಲ್ಲಿಸುವಾಗ ಬರುವ ಸಿಗ್‌ಟರ್ಮ್ ಇದಕ್ಕೆ ಅಪವಾದ.)

ಸಂಪರ್ಕ ಸಿಗದಿದ್ದರೆ ಎಸ್‌ಎಸ್‌ಎಚ್ ತಾನಾಗಿಯೇ 255 ಕೊಡುತ್ತದೆ, ಅಷ್ಟೇ ಸಾಕಿತ್ತು. ಅದನ್ನು 1 ಮಾಡಿದ್ದರಿಂದ ಎಚ್ಚರಿಕೆ ಅಳಿಸಿಹೋಯಿತು. ಮೊದಲು ಮಂಗಳೂರಿನ ಯಂತ್ರದಲ್ಲಿ ಫೈಲ್ ಇದೆಯೇ ಎಂದು ಪರೀಕ್ಷಿಸಿ. ನಿಜಕ್ಕೂ ಇಲ್ಲವೆಂಬ ಉತ್ತರ ಬಂದರೆ ಮಾತ್ರ 1 ಕೊಡಿ, ಸಂಪರ್ಕವೇ ಆಗದಿದ್ದರೆ ಅಥವಾ ಇದ್ದ ಫೈಲನ್ನು ತರುವಾಗ ಅಡ್ಡಿಯಾದರೆ 255 ಕೊಡಿ. ನೆಟ್ ಬಂದ ಮೇಲೆ ಸರ್ವರನ್ನು ಮತ್ತೆ ಚಾಲೂ ಮಾಡಿದರೆ ರಿಕವರಿ ಮುಂದುವರಿಯುತ್ತದೆ. ಇದರ ಜೊತೆಗೆ, ಕೊನೆಯ ರಸೀದಿಗಿಂತ ತುಸು ಹಿಂದಿನ ಸಮಯವನ್ನು ರಿಕವರಿ ಟಾರ್ಗೆಟ್ ಆಗಿ ಕೊಡಿ: 13ನೇ ಆವೃತ್ತಿಯಿಂದೀಚೆಗೆ ಗುರಿ ಮುಟ್ಟುವ ಮೊದಲೇ ವಾಲ್ ಮುಗಿದರೆ ಸರ್ವರ್ ಫೇಟಲ್ ದೋಷ ತೋರಿಸಿ ನಿಲ್ಲುತ್ತದೆ.

ಆರ್ಕೈವ್ ಸರಿಯಾಗಿದ್ದರೆ ನಿಮ್ಮ ರಸೀದಿಗಳು ಎಲ್ಲಿಯೂ ಹೋಗಿಲ್ಲ. ಬೇಸ್ ಬ್ಯಾಕಪ್ಪಿನಿಂದ (ಡೇಟಾಬೇಸಿನ ಪೂರ್ಣ ಪ್ರತಿ) ಮತ್ತೊಮ್ಮೆ ಆರಂಭಿಸಿ.

ಮರುಪ್ರಶ್ನೆ:
ಇದೇ ಸ್ಕ್ರಿಪ್ಟನ್ನು ಸ್ಟ್ಯಾಂಡ್‌ಬೈ ಸರ್ವರಿಗೂ (ಮುಖ್ಯ ಸರ್ವರಿನ ಬದಲಾವಣೆಗಳನ್ನು ಸದಾ ಹಿಂಬಾಲಿಸುವ ಮೀಸಲು ಸರ್ವರ್) ಬಳಸಬಹುದೇ ಸರ್? ಉಳಿದ ಎರಡು ಕಮಾಂಡುಗಳಿಗೂ, ಅಂದರೆ ಬೇಡವಾದ ಹಳೆಯ ವಾಲ್ ಫೈಲುಗಳನ್ನು ಅಳಿಸುವ ಆರ್ಕೈವ್ ಕ್ಲೀನಪ್ ಮತ್ತು ರಿಕವರಿ ಮುಗಿದಾಗ ಓಡುವ ರಿಕವರಿ ಎಂಡ್ ಕಮಾಂಡುಗಳಿಗೂ, ಇದೇ ನಿಯಮವೇ?

ಉತ್ತರ:
ಸ್ಟ್ಯಾಂಡ್‌ಬೈಗೆ ಇದನ್ನು ಹಾಗೆಯೇ ಬಳಸಬೇಡಿ. ಅಲ್ಲಿ 1 ಬಂದರೆ ಸರ್ವರ್ ಸ್ವಲ್ಪ ಕಾದು, ಡಿಫಾಲ್ಟ್ ಪ್ರಕಾರ 5 ಸೆಕೆಂಡುಗಳ ಅಂತರದಲ್ಲಿ, ಮತ್ತೆ ಮತ್ತೆ ಕೇಳುತ್ತಲೇ ಇರುತ್ತದೆ. 255 ಬಂದರೆ ಸ್ಟ್ಯಾಂಡ್‌ಬೈಯೇ ನಿಂತುಹೋಗುತ್ತದೆ. ನೆಟ್ ಕಡಿಯುವ ಕಡೆ ಅದಕ್ಕೆ 1 ಕೊಡುವುದೇ ಸರಿ. ಆರ್ಕೈವ್ ಕ್ಲೀನಪ್ ಕಮಾಂಡ್ ಮತ್ತು ರಿಕವರಿ ಎಂಡ್ ಕಮಾಂಡ್ ಸಾಮಾನ್ಯವಾಗಿ ವಿಫಲವಾದರೆ ಲಾಗ್‌ನಲ್ಲಿ ಎಚ್ಚರಿಕೆಯೊಂದು ಬೀಳುತ್ತದೆ, ಕೆಲಸ ಮುಂದುವರಿಯುತ್ತದೆ. ಆದರೆ ರಿಕವರಿ ಎಂಡ್ ಕಮಾಂಡಿನ ಹೆಸರನ್ನೇ ತಪ್ಪಾಗಿ ಬರೆದು ಶೆಲ್ಲಿಗೆ ಅದು ಸಿಗದಿದ್ದರೆ, ಇಡೀ ರಿಕವರಿ ಮುಗಿದ ಮೇಲೂ ಡೇಟಾಬೇಸ್ ತೆರೆಯುವುದಿಲ್ಲ. ಆದ್ದರಿಂದ ಆ ಕಮಾಂಡಿಗೆ ಪೂರ್ಣ ಪಾತ್ ಕೊಟ್ಟು, ಪೋಸ್ಟ್‌ಗ್ರೆಸ್ ಯೂಸರ್ ಆಗಿ ಲಾಗಿನ್ ಮಾಡಿ ಒಮ್ಮೆ ಓಡಿಸಿ ನೋಡಿ.