ಪರಿಹಾರದ ದುಡ್ಡು ಬಂತು, ನೆಮ್ಮದಿ ಬಂತಾ?

ಮುಳುಗಡೆ ಮನೆಮಗ: ಹಳೆ ಬಾಗಲಕೋಟೆಯ ನಮ್ಮ ಮನೆ ಆಲಮಟ್ಟಿ ಹಿನ್ನೀರಿಗೆ ಹೋಯಿತು. ಪರಿಹಾರ ಬಂತು. ನವನಗರದಲ್ಲಿ ಎರಡಂತಸ್ತಿನ ಮನೆ ಕಟ್ಟಿದೆವು. ಅಪ್ಪ ಮಾತ್ರ ಇವತ್ತಿಗೂ ಸಂಜೆ ಆರಕ್ಕೆ ಗೇಟಿನ ಹತ್ತಿರ ಕುರ್ಚಿ ಹಾಕಿ ಕೂರುತ್ತಾರೆ. ಎಲ್ಲರೂ ಬೈಕ್ ಮೇಲೆ ಹೋಗುತ್ತಾರೆ, ಯಾರೂ ನಿಲ್ಲುವುದಿಲ್ಲ. ಹಳೆ ಮನೆಗೆ ಕಟ್ಟೆ ಇತ್ತು, ಕೂರಲು ಮಂದಿ ಇದ್ದರು. ದೇಶದ ಆದಾಯ ಏರುತ್ತಾ ಹೋದರೂ ಜನರ ಸುಖ ಅದರ ಜೊತೆ ಏರುವುದಿಲ್ಲ ಅಂತ ಅಮೆರಿಕದ ಅರ್ಥಶಾಸ್ತ್ರಜ್ಞ ರಿಚರ್ಡ್ ಈಸ್ಟರ್ಲಿನ್ 1974ರಲ್ಲೇ ಬರೆದಿದ್ದಾರೆ.

ಕಬ್ಬಿನ ಗಾಡಿ, ಮುಧೋಳ: ಅರ್ಧ ಮಾತು ಹೇಳಿದಿರಿ. ಒಂದೇ ದೇಶದೊಳಗೆ ನೋಡಿದರೆ ಉಳ್ಳವರು ಬಡವರಿಗಿಂತ ಜಾಸ್ತಿ ಸುಖವಾಗಿದ್ದಾರೆ ಅಂತಲೂ ಅದೇ ಈಸ್ಟರ್ಲಿನ್ ಬರೆದಿದ್ದಾರೆ. ಕಬ್ಬು ಕೊಟ್ಟ 14 ದಿನದೊಳಗೆ ಬಿಲ್ ಕೊಡಬೇಕು ಅಂತ ಕಾನೂನಿದೆ. ನನಗೆ ಒಂದು ವರ್ಷ ನಾಲ್ಕು ತಿಂಗಳಾದರೂ ಬರಲಿಲ್ಲ. ಮಗಳ ಫೀ ಕಟ್ಟಲು ಹೆಂಡತಿಯ ಬೋರಮಾಳ ಸರ ಅಡವಿಟ್ಟೆ. ಅವತ್ತು ರಾತ್ರಿ ಮನೆಯಲ್ಲಿ ಯಾರೂ ಮಾತಾಡಲಿಲ್ಲ. ದುಡ್ಡಿಲ್ಲದ ಮನೆಯಲ್ಲಿ ಮಂದಿ ಇದ್ದು ಏನು ಮಾಡುವುದು?

ಗುಳೇದಗುಡ್ಡದಾಕಿ: ಕಟ್ಟೆ ಅಂದಿರಲ್ಲ ಅಣ್ಣಾರೆ, ಅದರ ಮೇಲೆ ಹೆಂಗಸರು ಎಷ್ಟು ಮಂದಿ ಕೂರುತ್ತಿದ್ದರು?

ಮುಳುಗಡೆ ಮನೆಮಗ: ನಮ್ಮ ಅಜ್ಜಿ ದಿನಾ ಕೂರುತ್ತಿದ್ದರು.

ಗುಳೇದಗುಡ್ಡದಾಕಿ: ಅಜ್ಜಿ ಸರಿ, ಸೊಸೆ? ಸಂಜೆ ಆರಕ್ಕೆ ನಿಮ್ಮವ್ವ ಒಲೆ ಮುಂದೆ ರೊಟ್ಟಿ ಬಡಿಯುತ್ತಿದ್ದರು, ಅಲ್ವಾ?

ಮುಳುಗಡೆ ಮನೆಮಗ: ಸುಮ್ನೆ ನಮ್ಮವ್ವನ ಮಾತು ಎತ್ತಬೇಡಿ. ಊರು ಕಳೆದುಕೊಂಡವರ ಸಂಕಟ ನಿಮಗೆ ಗೊತ್ತಿಲ್ಲ.

ಬನಹಟ್ಟಿ ಮಾಸ್ತರ: ಜಗಳ ಬಿಡಿ. ಜಗತ್ತಿನ ಸಂತೋಷದ ವರದಿಯಲ್ಲಿ ಫಿನ್‌ಲೆಂಡ್ 2018ರಿಂದ 2025ರವರೆಗೆ ಪ್ರತಿ ವರ್ಷ ಮೊದಲು ಬಂದಿದೆ. ಆ ಸಮೀಕ್ಷೆಯಲ್ಲಿ ಒಂದು ಪ್ರಶ್ನೆ ಇದೆ: ಕಷ್ಟ ಬಂದಾಗ ನೆಚ್ಚಿಕೊಳ್ಳಲು ನೆಂಟರೋ ಗೆಳೆಯರೋ ಇದ್ದಾರಾ? ಕಟ್ಟೆ ಕೊಡುತ್ತಿದ್ದದ್ದು ಅದನ್ನೇ.

ಕಬ್ಬಿನ ಗಾಡಿ, ಮುಧೋಳ: ಫಿನ್‌ಲೆಂಡಿನಲ್ಲಿ ಮಗಳ ಶಾಲೆಗೆ ಯಾರೂ ಬೋರಮಾಳ ಅಡವಿಡಬೇಕಿಲ್ಲ ಮಾಸ್ತರ. ಅಮೆರಿಕದಲ್ಲಿ ಆದಾಯ ವರ್ಷಕ್ಕೆ 75,000 ಡಾಲರ್ ದಾಟಿದ ಮೇಲೆ ದಿನದಿನದ ಖುಷಿ ಏರುವುದಿಲ್ಲ ಅಂತ ಸಂಶೋಧಕರಾದ ಕಾನ್‌ಮನ್, ಡೀಟನ್ 2010ರಲ್ಲಿ ಬರೆದರು. 2023ರಲ್ಲಿ ಅದೇ ಕಾನ್‌ಮನ್ ಇನ್ನಿಬ್ಬರ ಜೊತೆ ಸೇರಿ, ಹೆಚ್ಚಿನವರಿಗೆ ಅದಾದ ಮೇಲೂ ಏರುತ್ತದೆ ಅಂತ ಒಪ್ಪಿಕೊಂಡರು.

ಬನಹಟ್ಟಿ ಮಾಸ್ತರ: ಡಾಲರ್ ಲೆಕ್ಕ ಬನಹಟ್ಟಿ ನೇಕಾರನಿಗೆ ಹೊಂದುವುದಿಲ್ಲ.

ಗುಳೇದಗುಡ್ಡದಾಕಿ: ನೆಂಟರು ಅಂದಿರಿ. ನಮ್ಮವ್ವ ಜೀವನಪೂರ್ತಿ ಖಣ ನೇಯ್ದಳು. ಕೂಲಿ ಮಾತ್ರ ಮನೆಯ ಗಂಡಸರ ಕೈಗೇ ಹೋಯಿತು. ಕಣ್ಣು ಮಂಜಾಗಿದೆ ಅಂತ ನೆಂಟರಿಗೆಲ್ಲ ಹೇಳಿದಳು, ಒಬ್ಬರೂ ಕರೆದುಕೊಂಡು ಹೋಗಲಿಲ್ಲ. ಗೃಹಲಕ್ಷ್ಮಿಯ 2,000 ರೂಪಾಯಿ ಅವಳ ಖಾತೆಗೇ ಬಂತು. ಯಾರನ್ನೂ ಕೇಳದೆ ಕನ್ನಡಕ ಮಾಡಿಸಿಕೊಂಡಳು. ಮೊದಲ ದಿನ ಮಗ್ಗದ ಮುಂದೆ ಕೂತು ಎಳೆಗಳನ್ನು ಒಂದೊಂದಾಗಿ ಬೆರಳಲ್ಲಿ ಮುಟ್ಟಿ ನೋಡಿದಳು.

ಮುಳುಗಡೆ ಮನೆಮಗ: ನಮ್ಮಪ್ಪನಿಗೂ ಕನ್ನಡಕ ಇದೆ. ನೋಡಲು ಮಂದಿ ಇಲ್ಲ.

ನವನಗರದವ: ಯಾರೂ ನಿಲ್ಲುವುದಿಲ್ಲ ಅಂದಿರಿ. ಎದೆಮಟ್ಟ ಕಾಂಪೌಂಡ್ ಕಟ್ಟಿಸಿದವರು ನಾವೇ. ನಾನು ಗೇಟಿನ ಹೊರಗೆ ಕಲ್ಲು ಹಾಕಿಸಿದ್ದೇನೆ. ನಾಲ್ಕು ಜನ ಬಂದು ಕೂರುತ್ತಾರೆ.

ಗುಳೇದಗುಡ್ಡದಾಕಿ: ಆ ನಾಲ್ಕರಲ್ಲಿ ಹೆಂಗಸರು ಎಷ್ಟು?

ನವನಗರದವ: ಎಲ್ಲದಕ್ಕೂ ಅದನ್ನೇ ತರಬೇಡಿ ಅಕ್ಕಾರೆ.

ಮುಳುಗಡೆ ಮನೆಮಗ: ಈಗ ಅವ್ವನನ್ನೇ ಕೇಳಿದೆ. ಕಟ್ಟೆ ನಮ್ಮದಲ್ಲ, ಬಾವಿ ಹತ್ತಿರ ನಮ್ಮ ಮಂದಿ ಇದ್ದರು ಅಂದಳು. ಹೇಳಿದಮೇಲೆ ಸ್ವಲ್ಪ ಹೊತ್ತು ಸುಮ್ಮನಾದಳು. ಅಂದರೆ ಮಂದಿಯೇ ಬೇಕು ಅಂತ ಆಯಿತಲ್ಲ.

ಗುಳೇದಗುಡ್ಡದಾಕಿ: ಬಾವಿಗೆ ಹೋಗಿದ್ದು ಕೊಡ ಹೊತ್ತು. ಅದನ್ನು ನಿಮ್ಮ ಕಟ್ಟೆಯ ಲೆಕ್ಕಕ್ಕೆ ಸೇರಿಸಬೇಡಿ.